‘ಸ್ವಲ್ಪ ಬುದ್ಧಿ ಹೇಳಿ ಮೇಡಂ’: ಆಪ್ತಸಮಾಲೋಚಕರ ಹಿನ್ನೆಲೆಯನ್ನು ಓದುವುದು ಹೇಗೆ

ಕೌನ್ಸೆಲಿಂಗ್ ಸೈಕಾಲಜಿಯಲ್ಲಿ ಎಂ.ಎಸ್ಸಿ. ಮಾಡ್ತಿದ್ದೀನಿ ಅಂದಾಗ ನಮ್ಮ ಅತ್ತೆ ಕೇಳಿದರು: “ಸಿಇಟಿ ಕೌನ್ಸೆಲಿಂಗಾ? ಮಲ್ಲೇಶ್ವರ ಹದಿನೆಂಟನೇ ಕ್ರಾಸ್‌ದು?” ಅವರ ತಪ್ಪಲ್ಲ. ಕರ್ನಾಟಕದಲ್ಲಿ ಈ ಪದವನ್ನು ಮನೆಮನೆಗೆ ತಲುಪಿಸಿದ್ದೇ ಸೀಟು ಹಂಚಿಕೆ. ಮೇಷ್ಟ್ರುಗಳ ವರ್ಗಾವಣೆಗೂ ಅದೇ ಪದ. “ಅಲ್ಲ ಅತ್ತೆ, ಮನಸ್ಸಿಗೆ ಸಂಬಂಧಪಟ್ಟಿದ್ದು” ಅಂದೆ. “ಹಾಗಾದ್ರೆ ಒಳ್ಳೇದಾಯ್ತು, ನಮ್ಮ ಹುಡುಗನಿಗೆ ಸ್ವಲ್ಪ ಬುದ್ಧಿ ಹೇಳು” ಅಂದರು.

ಈ ಎರಡು ಮಾತಿನ ನಡುವೆಯೇ ನಮ್ಮ ಪಾಠದ ಈ ಘಟಕ ಇದೆ: ವೃತ್ತಿ ಮಾರ್ಗದರ್ಶನ ಮತ್ತು ಮಾನಸಿಕ ಆರೋಗ್ಯ ಎರಡನ್ನೂ ನೋಡಿಕೊಳ್ಳುವ ಆಪ್ತಸಮಾಲೋಚಕರ ವೃತ್ತಿಪರ ಹಿನ್ನೆಲೆ. ಪರೀಕ್ಷೆಯಲ್ಲಿ ಹೆಚ್ಚಿನವರು ಪದವಿಗಳ ಪಟ್ಟಿ ಬರೆದು ಮುಗಿಸುತ್ತಾರೆ. ಪದವಿ ಬೇಕು, ಅದನ್ನು ಕೆಳಗೆ ವಿವರಿಸಿದ್ದೇನೆ. ಆದರೆ ಹಿನ್ನೆಲೆ ಅಂದರೆ ನಾನು ಅರ್ಥ ಮಾಡಿಕೊಂಡಿರುವುದು ಬೇರೆ. ಈ ವ್ಯಕ್ತಿ ಬುದ್ಧಿ ಹೇಳುವುದನ್ನು ಬಿಟ್ಟು ಕೇಳಿಸಿಕೊಳ್ಳುವುದನ್ನು ಎಲ್ಲಿ ಕಲಿತರು, ಕಲಿಯುವಾಗ ಅವರ ತಪ್ಪುಗಳನ್ನು ಪಕ್ಕದಲ್ಲಿ ಕೂತು ತೋರಿಸಿದವರು ಯಾರಾದರೂ ಇದ್ದರೇ ಎಂಬುದು.

ನಮ್ಮ ಕನ್ನಡ ಪದವೇ ಇದನ್ನು ಹೇಳುತ್ತದೆ. ಆಲೋಚನೆಯ ಮುಂದೆ ‘ಸಮ್’ ಕೂತಿದೆ: ಚೆನ್ನಾಗಿ, ಕೂಡಿ ಯೋಚಿಸುವುದು. ಅದರ ಮುಂದೆ ‘ಆಪ್ತ’. ಉಪದೇಶಕ್ಕೆ, ಬುದ್ಧಿವಾದಕ್ಕೆ ಅಲ್ಲಿ ಜಾಗವಿಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಎಚ್‌ಐವಿ ಪರೀಕ್ಷಾ ಕೊಠಡಿಯ ಬಾಗಿಲ ಮೇಲೆ ‘ಆಪ್ತಸಮಾಲೋಚಕರು’ ಎಂಬ ಬೋರ್ಡ್ ನೋಡಿರುತ್ತೀರಿ. ನನಗೆ ಈ ಪದ ತುಂಬ ಇಷ್ಟ. ಇಂಗ್ಲಿಷ್ ಪಠ್ಯ ಹತ್ತು ಪುಟದಲ್ಲಿ ವಿವರಿಸುವುದು ಇದೊಂದರಲ್ಲೇ ಅಡಗಿದೆ.

ಯಾರು ಯಾರು?

ಹೆಸರುಗಳ ಗೊಂದಲವನ್ನು ಮೊದಲು ಬಿಡಿಸಿಕೊಳ್ಳೋಣ. ಮನೋವೈದ್ಯರು ಎಂ.ಬಿ.ಬಿ.ಎಸ್. ಮುಗಿಸಿ ಮನೋವೈದ್ಯಶಾಸ್ತ್ರದಲ್ಲಿ ಎಂ.ಡಿ. ಅಥವಾ ಡಿಪ್ಲೊಮಾ ಮಾಡಿದವರು. ಔಷಧ ಬರೆಯುವವರು ಇವರು. ಕ್ಲಿನಿಕಲ್ ಸೈಕಾಲಜಿಸ್ಟ್ ಅನ್ನಿಸಿಕೊಳ್ಳಲು ಮನೋವಿಜ್ಞಾನದ ಸ್ನಾತಕೋತ್ತರ ಪದವಿ ಮಾತ್ರ ಸಾಲದು. ಭಾರತೀಯ ಪುನರ್ವಸತಿ ಮಂಡಳಿ, ಅಂದರೆ ಆರ್‌ಸಿಐ, ಒಪ್ಪಿದ ಸಂಸ್ಥೆಯಲ್ಲಿ ಮೇಲ್ವಿಚಾರಣೆಯ ಅಡಿ ಕ್ಲಿನಿಕಲ್ ತರಬೇತಿ ಪಡೆದಿರಬೇಕು. ಇಷ್ಟು ವರ್ಷ ಅದು ಎರಡು ವರ್ಷದ ಎಂ.ಫಿಲ್. ರೂಪದಲ್ಲಿತ್ತು. 2022ರ ನಿಯಮಗಳಲ್ಲಿ ಯುಜಿಸಿ ಎಂ.ಫಿಲ್. ಅನ್ನೇ ಕೈಬಿಟ್ಟಿತು, ಕ್ಲಿನಿಕಲ್ ಸೈಕಾಲಜಿ ಮತ್ತು ಸೈಕಿಯಾಟ್ರಿಕ್ ಸೋಶಿಯಲ್ ವರ್ಕ್‌ಗೆ ಮಾತ್ರ 2025-26ರವರೆಗೆ ಅವಕಾಶ ಕೊಟ್ಟಿತು. ಹೀಗಾಗಿ ಈ ದಾರಿಯಲ್ಲಿ ಹೋಗುವ ಆಸೆ ಇರುವವರು ಹಳೆಯ ನೋಟ್ಸ್ ನಂಬಬೇಡಿ, ಮಂಡಳಿಯ ಇತ್ತೀಚಿನ ಪ್ರಕಟಣೆ ನೋಡಿ.

ನಾವು ಆಗಲಿರುವುದು ಆಪ್ತಸಮಾಲೋಚಕರು. ಮದ್ದು ಬರೆಯುವುದಿಲ್ಲ, ಕಾಯಿಲೆಗೆ ಹೆಸರಿಡುವುದಿಲ್ಲ. ಪರೀಕ್ಷೆಯ ಭಯ, ಕೆಲಸ ಬಿಡಬೇಕೋ ಬೇಡವೋ ಎಂಬ ತೊಳಲಾಟ, ಮನೆಯವರ ಜೊತೆಗಿನ ಜಗಳ, ಸಾವಿನ ನಂತರದ ದುಃಖ ಇಂಥವುಗಳ ಜೊತೆ ಕೂರುತ್ತೇವೆ. ನಮ್ಮ ಕೈಮೀರಿದ್ದು ಕಂಡರೆ ಮುಂದೆ ಕಳಿಸುತ್ತೇವೆ. ಬಹಳ ಕಾಲ ಈ ಕೆಲಸಕ್ಕೆ ಸರಿಯಾದ ಕಾನೂನಿನ ಚೌಕಟ್ಟೇ ಇರಲಿಲ್ಲ, ವಾರಾಂತ್ಯದ ಕೋರ್ಸ್ ಮುಗಿಸಿದವರೂ ಬೋರ್ಡ್ ಹಾಕಿಕೊಳ್ಳಬಹುದಿತ್ತು. 2021ರ ಸಹವರ್ತಿ ಮತ್ತು ಆರೋಗ್ಯ ರಕ್ಷಣಾ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ, ಆರ್‌ಸಿಐ ವ್ಯಾಪ್ತಿಯ ಕ್ಲಿನಿಕಲ್ ಸೈಕಾಲಜಿಸ್ಟರನ್ನು ಬಿಟ್ಟು ಉಳಿದ ಮನೋವಿಜ್ಞಾನಿಗಳನ್ನೂ ವರ್ತನಾ ಆರೋಗ್ಯದ ಸಮಾಲೋಚಕರನ್ನೂ ಒಂದು ವರ್ಗವಾಗಿ ಗುರುತಿಸಿದೆ. ಅದರ ಬಿಸಿ ಈಗಾಗಲೇ ತಟ್ಟಿದೆ: ಮನೋವಿಜ್ಞಾನವನ್ನು ದೂರಶಿಕ್ಷಣದಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಕಲಿಸುವುದನ್ನು ಯುಜಿಸಿ 2025ರ ಜುಲೈ-ಆಗಸ್ಟ್ ಪ್ರವೇಶದಿಂದ ನಿಲ್ಲಿಸಿತು. ಕೆಲಸ ಮಾಡುತ್ತಲೇ ಓದಬೇಕಾದವರಿಗೆ ಇದರಿಂದ ಕಷ್ಟ ಆಗಿದೆ, ನನ್ನ ಗೆಳತಿಯರಲ್ಲೇ ಇಬ್ಬರಿದ್ದಾರೆ. ಆದರೂ ಎದುರು ಕೂತವರ ಮುಖ ನೋಡದೆ ಈ ಕೆಲಸ ಕಲಿಯಲು ಆಗುವುದಿಲ್ಲ ಎಂಬುದನ್ನು ನಾನು ಒಪ್ಪುತ್ತೇನೆ.

ಶಾಲೆಗಳಲ್ಲಿ ಕೆಲಸ ಮಾಡಬೇಕೆನ್ನುವವರಿಗೆ ಎನ್‌ಸಿಇಆರ್‌ಟಿಯ ಮಾರ್ಗದರ್ಶನ ಮತ್ತು ಸಮಾಲೋಚನೆ ಡಿಪ್ಲೊಮಾ ಇನ್ನೊಂದು ದಾರಿ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಅದರ ಕೇಂದ್ರಗಳಲ್ಲೊಂದು.

ನಮ್ಮ ಊರಿನ ಬೇರು

ಬೆಂಗಳೂರಿನಲ್ಲಿ ಇದನ್ನು ಓದುತ್ತಿರುವ ನಮಗೆ ಹೊಸೂರು ರಸ್ತೆಯ ನಿಮ್ಹಾನ್ಸ್ ಕಲ್ಲುಕಟ್ಟಡಗಳು ಬರಿಯ ಬಸ್ ಸ್ಟಾಪ್ ಅಲ್ಲ. 19ನೇ ಶತಮಾನದ ಹುಚ್ಚಾಸ್ಪತ್ರೆಯಾಗಿ ಶುರುವಾದದ್ದು 1925ರಲ್ಲಿ ಮೆಂಟಲ್ ಹಾಸ್ಪಿಟಲ್ ಎಂಬ ಹೆಸರು ಪಡೆಯಿತು. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು. 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ಜನರನ್ನು ಕೂಡಿಹಾಕುವ ಜಾಗದಿಂದ ಕಲಿಸುವ ಜಾಗಕ್ಕೆ ಬಂದ ದಾರಿ ಆ ಹೆಸರುಗಳಲ್ಲೇ ಕಾಣುತ್ತದೆ. ಅಲ್ಲಿಂದಲೇ ಬೆಂಗಳೂರಿನ ಹೊರವಲಯದ ಸಕಲವಾರಕ್ಕೆ, ಆಮೇಲೆ ಬಳ್ಳಾರಿ ಜಿಲ್ಲೆಗೆ ಮಾನಸಿಕ ಆರೋಗ್ಯ ಸೇವೆ ಹೋಯಿತು. ಬಳ್ಳಾರಿಯ ಪ್ರಯೋಗವೇ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ.

ಇನ್ನೂ ಹಿಂದಕ್ಕೆ ಹೋದರೆ ಮೈಸೂರು ವಿಶ್ವವಿದ್ಯಾಲಯ. ಅಲ್ಲಿ ಮನೋವಿಜ್ಞಾನ ವಿಭಾಗ ಕಟ್ಟಿದ ಎಂ.ವಿ. ಗೋಪಾಲಸ್ವಾಮಿ ಅವರೇ 1935ರಲ್ಲಿ ತಮ್ಮ ಮನೆಯಲ್ಲಿ ‘ಆಕಾಶವಾಣಿ’ ಎಂಬ ಬಾನುಲಿ ಕೇಂದ್ರ ಶುರುಮಾಡಿದವರು. ಪಠ್ಯಕ್ರಮದಲ್ಲಿ ಇದು ಇಲ್ಲ. ಆದರೆ ಜನರ ಮನಸ್ಸನ್ನು ಓದಿದವರೊಬ್ಬರು ಜನರ ಕಿವಿಯನ್ನು ಹುಡುಕಿಕೊಂಡು ಹೋದರು ಎಂಬುದು ನನ್ನ ಮನಸ್ಸಿನಲ್ಲಿ ನಿಂತುಬಿಟ್ಟಿದೆ. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರು ಮನಸ್ಸಿನ ಕಾಯಿಲೆಗಳ ಬಗ್ಗೆ ಕನ್ನಡದಲ್ಲಿ ಬರೆಯುತ್ತಲೇ ಬಂದದ್ದೂ ಅದೇ ದಾರಿ. ನಮ್ಮಮ್ಮನಿಗೆ ‘ಖಿನ್ನತೆ’ ಎಂಬ ಪದ ಗೊತ್ತಿರುವುದು ಅವರ ಬರಹಗಳಿಂದ.

ವೃತ್ತಿಯ ಪ್ರಶ್ನೆ ಎಲ್ಲಿಂದ ಬಂತು

1908ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಫ್ರಾಂಕ್ ಪಾರ್ಸನ್ಸ್ ಯುವಕರಿಗಾಗಿ ವೃತ್ತಿ ಮಾರ್ಗದರ್ಶನದ ಕಚೇರಿ ತೆರೆದರು. ಅದೇ ವರ್ಷ ತೀರಿಕೊಂಡರು. ಅವರು ಹೇಳಿದ್ದು ಮೂರು: ನಿನ್ನನ್ನು ನೀನು ತಿಳಿ, ಕೆಲಸಗಳ ಲೋಕವನ್ನು ತಿಳಿ, ಇವೆರಡರ ಸಂಬಂಧವನ್ನು ಸರಿಯಾಗಿ ವಿಚಾರಮಾಡು. ಮೊದಲನೆಯದಕ್ಕೆ ಇವತ್ತು ಆಸಕ್ತಿ ಮತ್ತು ಸಾಮರ್ಥ್ಯದ ಪರೀಕ್ಷೆಗಳಿವೆ. ಮನೋವಿಜ್ಞಾನಿ ಜಾನ್ ಹಾಲೆಂಡ್ ಜನರ ಆಸಕ್ತಿಗಳನ್ನು ನೋಡಿ ಮಾಡಿದ ಆರು ವಿಧಗಳ ವಿಂಗಡಣೆ ಎಲ್ಲ ಕಡೆ ಚಾಲ್ತಿಯಲ್ಲಿದೆ: ಕೈಕೆಲಸದವರು, ಹುಡುಕಾಟದವರು, ಕಲೆಯವರು, ಜನಸೇವೆಯವರು, ಮುಂದಾಳುತನದವರು, ಲೆಕ್ಕಪತ್ರದ ಅಚ್ಚುಕಟ್ಟಿನವರು. ಎರಡನೆಯದಕ್ಕೆ ಸ್ಥಳೀಯ ತಿಳಿವಳಿಕೆ ಬೇಕು. ಎಸ್‌ಎಸ್‌ಎಲ್‌ಸಿ ಆದಮೇಲೆ ಪಿಯುಸಿ ಒಂದೇ ಅಲ್ಲ, ಐಟಿಐ ಇದೆ, ಮೂರು ವರ್ಷದ ಡಿಪ್ಲೊಮಾ ಇದೆ, ಡಿಪ್ಲೊಮಾದಿಂದ ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೇ ಸೇರಬಹುದು, ಎಂಜಿನಿಯರಿಂಗ್ ಸಿಇಟಿ ರ‍್ಯಾಂಕ್‌ನಲ್ಲಿ ಪಿಯುಸಿ ಅಂಕಕ್ಕೂ ಅರ್ಧ ಪಾಲಿದೆ. ಇದು ಗೊತ್ತಿಲ್ಲದವರು ವೃತ್ತಿ ಸಮಾಲೋಚನೆ ಮಾಡಬಾರದು.

ಮೂರನೆಯದೇ ಕಷ್ಟ. ಆಸಕ್ತಿಯ ಪರೀಕ್ಷೆ ತೋರಿಸುವುದು ಏನು ಇಷ್ಟ ಎಂಬುದನ್ನು ಮಾತ್ರ. ಅದೂ ಮಗು ನೋಡಿರುವ ಕೆಲಸಗಳ ಮಿತಿಯಲ್ಲಿ. ಮರಗೆಲಸವನ್ನು ಹತ್ತಿರದಿಂದ ನೋಡದ ಹುಡುಗಿ ಆ ಪ್ರಶ್ನೆಗೆ ‘ಇಷ್ಟವಿಲ್ಲ’ ಅಂತ ಗುರುತು ಹಾಕಿದರೆ ಅದರಿಂದ ಏನು ತಿಳಿದಂತಾಯಿತು? ಬಣ್ಣಬಣ್ಣದ ಇಪ್ಪತ್ತು ಪುಟದ ವರದಿ ಕೈಗಿತ್ತು ಕಳಿಸುವ ಜಾಗಗಳು ಈ ಊರಲ್ಲಿ ಬೇಕಾದಷ್ಟಿವೆ. ವರದಿ ಓದಿ ಹೇಳಲು ಯಾರೂ ಜೊತೆಗೆ ಕೂರದಿದ್ದರೆ ಅದು ಸಮಾಲೋಚನೆಯಲ್ಲ.

ಹನ್ನೆರಡು ನಿಮಿಷ

ನಿಜವಾದ ಕ್ಲೈಂಟ್‌ಗಳ ವಿಷಯ ಬರೆಯುವಂತಿಲ್ಲ, ಹಾಗಾಗಿ ತರಗತಿಯ ರೋಲ್‌ಪ್ಲೇ ಒಂದನ್ನು ಹೇಳುತ್ತೇನೆ. ಗೆಳತಿಯೊಬ್ಬಳು ಅಮ್ಮ, ಸಹಪಾಠಿಯೊಬ್ಬ ಎರಡನೇ ಪಿಯುಸಿ ಹುಡುಗ, ನಾನು ಸಮಾಲೋಚಕಿ. ಅಮ್ಮ ಪ್ಲಾಸ್ಟಿಕ್ ಕವರಿನಿಂದ ಮಾರ್ಕ್ಸ್ ಕಾರ್ಡ್ ತೆಗೆದು ನನ್ನ ಕಡೆ ತಿರುಗಿಸಿ ಇಟ್ಟಳು.

“ಎಸ್‌ಎಸ್‌ಎಲ್‌ಸಿಲಿ ಎಷ್ಟು ಚೆನ್ನಾಗಿ ತೆಗ್ದಿದ್ದ ನೋಡಿ ಮೇಡಂ. ಪಿಸಿಎಂಬಿ ಕೊಡಿಸಿದ್ವಿ. ಈಗ ಪುಸ್ತಕಾನೇ ಮುಟ್ಟಲ್ಲ. ಸ್ವಲ್ಪ ಬುದ್ಧಿ ಹೇಳಿ ಮೇಡಂ.”

“ನಿನಗೆ ಯಾವ ಸಬ್ಜೆಕ್ಟ್ ಇಷ್ಟಪ್ಪಾ?” ಅಂತ ಹುಡುಗನನ್ನು ಕೇಳಿದೆ.

“ಬಯಾಲಜಿ ಇಷ್ಟ ಮೇಡಂ ಅವನಿಗೆ” ಅಂದಳು ಅಮ್ಮ.

ನಾನು ಅಲ್ಲಿಂದ ನರ್ಸಿಂಗ್, ಫಾರ್ಮಸಿ, ಕೃಷಿ ಅಂತ ಹೇಳುತ್ತ ಹೋದೆ. ಮಧ್ಯೆ ಒಮ್ಮೆ ಹುಡುಗ, “ಬೆಳಗ್ಗೆ ಎದ್ದೇಳಕ್ಕೇ ಆಗಲ್ಲ ಮೇಡಂ” ಅಂದ. “ರಾತ್ರಿ ಬೇಗ ಮಲಗಿ ನೋಡು, ಒಂದು ಟೈಂಟೇಬಲ್ ಹಾಕೋಣ” ಅಂದೆ.

ಸೆಷನ್ ಆದಮೇಲೆ ವರ್ಬೇಟಿಮ್, ಅಂದರೆ ಆಡಿದ ಮಾತನ್ನು ಹಾಗ್ಹಾಗೇ ಬರೆಯಬೇಕು. ಹಾಳೆಯಲ್ಲಿ ಮೂರು ಕಾಲಂ: ಅವರು ಅಂದದ್ದು, ನಾನು ಅಂದದ್ದು, ಆಗ ನನ್ನೊಳಗೆ ಆದದ್ದು. ನಮ್ಮ ಮೇಡಂ ಕೆಂಪು ಪೆನ್ನಿನಲ್ಲಿ ಹುಡುಗನ ಮಾತುಗಳನ್ನಷ್ಟೇ ಎಣಿಸಿದರು. ಹನ್ನೆರಡು ನಿಮಿಷದಲ್ಲಿ ನಾಲ್ಕು. ‘ಎದ್ದೇಳಕ್ಕೇ ಆಗಲ್ಲ’ ಎಂಬುದರ ಸುತ್ತ ಗೆರೆ ಎಳೆದರು. “ಬಾಗಿಲು ತೆಗೆದದ್ದು ಇಲ್ಲಿ. ‘ಎದ್ದೇಳಲ್ಲ’ ಅನ್ನಲಿಲ್ಲ ಅವನು, ‘ಆಗಲ್ಲ’ ಅಂದ.” ಮೂರನೇ ಕಾಲಂನಲ್ಲಿ ನಾನು ಬರೆದಿದ್ದೆ: ಅಮ್ಮನಿಗೆ ಏನಾದರೂ ಉತ್ತರ ಕೊಟ್ಟು ಕಳಿಸಬೇಕು ಅನ್ನಿಸುತ್ತಿತ್ತು. ಮೇಡಂ ಅದರ ಕೆಳಗೆ ಎರಡು ಗೆರೆ ಎಳೆದರು.

ಅಲ್ಲಿ ಕೇಳಬೇಕಿದ್ದದ್ದು ಬೇರೆ. ಅಮ್ಮನನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿ, ಎಷ್ಟು ದಿನದಿಂದ ಹೀಗೆ, ನಿದ್ದೆ ಬರುತ್ತಾ, ಊಟ ಸೇರುತ್ತಾ, ಮೊದಲು ಖುಷಿ ಕೊಡುತ್ತಿದ್ದ ಆಟ ಈಗಲೂ ಕೊಡುತ್ತಾ ಎಂದು. ಬದುಕೇ ಬೇಡ ಅನ್ನಿಸುತ್ತಾ ಎಂದು ನೇರವಾಗಿ ಕೇಳಬೇಕಿತ್ತು. ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕುತ್ತದೆ ಎಂಬ ಹೆದರಿಕೆ ತಪ್ಪು. ಕೇಳಿದಾಗ ಹೇಳಿಕೊಳ್ಳಲು ದಾರಿ ಸಿಗುತ್ತದೆ.

ಕೋರ್ಸ್‌ನ ಪ್ರಶ್ನೆ ಹಿಡಿದು ಬಂದವರ ಒಳಗೆ ಇನ್ನೊಂದು ಪ್ರಶ್ನೆ ಇರಬಹುದು. ಬೆಂಗಳೂರಿನ ಮನೆಗಳಲ್ಲಿ ಮಾರ್ಕ್ಸ್ ಕಾರ್ಡ್ ತೋರಿಸುವುದಕ್ಕೆ ಸಂಕೋಚವಿಲ್ಲ, ಮನಸ್ಸು ತೋರಿಸುವುದಕ್ಕೆ ಇದೆ. ಆದ್ದರಿಂದಲೇ ಒಬ್ಬರಲ್ಲೇ ಎರಡೂ ತರಬೇತಿ ಇರಬೇಕು ಅನ್ನುವುದು. ಸಮಾಲೋಚನೆಯಿಂದ ಬದಲಾವಣೆ ಆಗಲು ಏನೇನು ಬೇಕು ಎಂದು 1957ರಲ್ಲಿ ಅಮೆರಿಕದ ಮನೋವಿಜ್ಞಾನಿ ಕಾರ್ಲ್ ರೋಜರ್ಸ್ ಮುಂದಿಟ್ಟ ಷರತ್ತುಗಳಲ್ಲಿ ಸಮಾಲೋಚಕರಿಗೆ ಸಂಬಂಧಿಸಿದ ಮೂರನ್ನು ನಾನು ಹೀಗೆ ಬರೆದಿಟ್ಟುಕೊಂಡಿದ್ದೇನೆ: ಒಳಗೊಂದು ಹೊರಗೊಂದು ಇರಬಾರದು, ಆದರಕ್ಕೆ ಷರತ್ತು ಇರಬಾರದು, ಅವರ ಕಣ್ಣಿಂದ ನೋಡಬೇಕು. ಬಾಯಿಪಾಠಕ್ಕೆ ಐದು ನಿಮಿಷ ಸಾಕು. ಎದುರಿಗೆ ಅಮ್ಮ ಕಣ್ಣೀರು ಹಾಕುತ್ತಿರುವಾಗ ಪಾಲಿಸುವುದಕ್ಕೆ ಎಷ್ಟು ದಿನ ಬೇಕೋ.

ಭಾಷೆಯ ಬಗ್ಗೆ ಒಂದು ಮಾತು. ‘ಆಂಕ್ಸೈಟಿ’ ಅಂತ ಪುಸ್ತಕದಲ್ಲಿರುವುದು ನಮ್ಮ ಮುಂದೆ ಬರುವುದು ‘ಎದೆ ಡವಡವ ಅನ್ನತ್ತೆ’, ‘ಹೊಟ್ಟೇಲಿ ಏನೋ ತಳಮಳ’, ‘ಕೈಕಾಲೇ ಆಡಲ್ಲ’ ಎಂಬ ರೂಪದಲ್ಲಿ. ‘ತಲೆಬಿಸಿ’ ಮತ್ತು ‘ಮನಸ್ಸಿಗೆ ಬೇಜಾರು’ ಒಂದೇ ಅಲ್ಲ. ‘ಯಾಕೋ ಯಾವುದೂ ಬೇಡ ಅನ್ನಿಸ್ತಿದೆ’ ಇವೆರಡಕ್ಕಿಂತ ಗಂಭೀರ. ಇಂಗ್ಲಿಷಿನಲ್ಲಷ್ಟೇ ತರಬೇತಾದವರ ಕಿವಿಗೆ ಈ ವ್ಯತ್ಯಾಸ ಬೀಳುವುದಿಲ್ಲ. ಇಂಟರ್ನ್‌ಶಿಪ್ ಆರಿಸುವಾಗ ಕನ್ನಡ ಮಾತಾಡುವ ಜನ ಬರುವ ಜಾಗವನ್ನೇ ಹುಡುಕಿ.

ಗುಟ್ಟು ಮತ್ತು ಅದರ ಗಡಿ

ಹೇಳಿದ್ದು ಹೊರಗೆ ಹೋಗುವುದಿಲ್ಲ ಎಂಬ ಭರವಸೆ ಮೊದಲ ದಿನವೇ ಕೊಡಬೇಕು, ಅದರ ಮಿತಿಯನ್ನೂ ಅದೇ ಉಸಿರಿನಲ್ಲಿ ಹೇಳಬೇಕು. ಪ್ರಾಣಕ್ಕೆ ಅಪಾಯ ಕಂಡರೆ ಮನೆಯವರಿಗೆ ತಿಳಿಸಬೇಕಾಗುತ್ತದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ವರದಿ ಮಾಡಲೇಬೇಕು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಗೋಪ್ಯತೆಯನ್ನು ಹಕ್ಕು ಎಂದಿದೆ. ಆತ್ಮಹತ್ಯೆಗೆ ಯತ್ನಿಸಿದವರು, ಬೇರೆ ರೀತಿ ಸಾಬೀತಾಗದ ಹೊರತು, ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷಿಸಬಾರದು ಎಂದು ಅದರ 115ನೇ ಸೆಕ್ಷನ್ ಹೇಳುತ್ತದೆ. ಪೊಲೀಸರ ಭಯಕ್ಕೆ ಆಸ್ಪತ್ರೆಗೆ ಹೋಗದ ಮನೆಯವರಿಗೆ ಈ ಸೆಕ್ಷನ್ ಗೊತ್ತಿರಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಪುಸ್ತಕದ ಮೊದಲ ಪುಟದಲ್ಲೇ ಬರೆದಿಟ್ಟುಕೊಳ್ಳಿ. 2022ರಿಂದ ಇದೆ, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತಾಡಬಹುದು.

ಕೊನೆಗೆ, ಯಾರದಾದರೂ ಹಿನ್ನೆಲೆಯನ್ನು ಪರಿಶೀಲಿಸಿ ಬರೆಯುವ ಅಸೈನ್‌ಮೆಂಟ್ ಬಂದಾಗ ನಾನು ನೋಡುವ ಕ್ರಮ. ಪದವಿ ಯಾವುದು, ಎಲ್ಲಿಯದು. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದಿದ್ದರೆ ಆರ್‌ಸಿಐ ನೋಂದಣಿ ಸಂಖ್ಯೆ ಇದೆಯೇ. ‘ಹದಿನೈದು ವರ್ಷದ ಅನುಭವ’ ಎಂದಿದ್ದರೆ ಯಾವುದರ ಅನುಭವ, ಎಚ್‌ಆರ್‌ನದೋ ಪಾಠ ಹೇಳಿದ್ದೋ ಸಮಾಲೋಚನೆಯದೋ. ಐಟಿ ಕಂಪನಿಯ ಎಚ್‌ಆರ್‌ನಿಂದ ಈ ಕಡೆ ಬಂದವರು ನಮ್ಮ ಊರಲ್ಲಿ ಬಹಳ. ಕೆಲಸಗಳ ಲೋಕ ಅವರಿಗೆ ಚೆನ್ನಾಗಿ ಗೊತ್ತು, ಅದು ದೊಡ್ಡ ಬಲ. ಆಮೇಲೆ ಮನಸ್ಸಿನ ತರಬೇತಿ ಪಡೆದರೇ ಎಂದು ಹುಡುಕುತ್ತೇನೆ. ಎಲ್ಲದಕ್ಕಿಂತ ನಾನು ಹೆಚ್ಚು ಬೆಲೆ ಕೊಡುವ ಪ್ರಶ್ನೆ ಪ್ರೊಫೈಲ್‌ನಲ್ಲಿ ಇರುವುದೇ ಇಲ್ಲ, ಬಾಯಿಬಿಟ್ಟೇ ಕೇಳಬೇಕು: “ಕಷ್ಟದ ಕೇಸ್ ಬಂದಾಗ ನೀವು ಯಾರ ಹತ್ತಿರ ಕೂತು ಮಾತಾಡ್ತೀರಿ ಮೇಡಂ?” ಕಳೆದ ತಿಂಗಳು ಹಿರಿಯರೊಬ್ಬರನ್ನು ಹೀಗೆ ಕೇಳಿದೆ. ಇಪ್ಪತ್ತು ವರ್ಷದಿಂದ ಈ ಕೆಲಸದಲ್ಲಿರುವವರು. ಡೈರಿ ತೆಗೆದು ತೋರಿಸಿದರು, ಗುರುವಾರದ ಸಂಜೆಗಳೆಲ್ಲ ಅದಕ್ಕೇ ಮೀಸಲಾಗಿದ್ದವು.