ಸ್ಟೂಡೆಂಟ್ ಸೆಂಟರ್ ಅಂದ್ರೆ ಏನು?

ಎಂಎಸ್ ಮಾಡೋಕೆ ಅಮೆರಿಕಕ್ಕೆ ಹೋದ ಹುಡುಗ್ರು ಮಾತುಮಾತಿಗೆ ಸ್ಟೂಡೆಂಟ್ ಸೆಂಟರ್ ಅಂತಿರ್ತಾರೆ. ಕ್ಯಾಂಪಸ್ಸಲ್ಲಿ ಪಾಠ ನಡೆಯದ ಬಿಲ್ಡಿಂಗ್ ಅದು. ಊಟದ ಕೌಂಟರ್, ಪುಸ್ತಕದಂಗಡಿ, ಕ್ಲಬ್‌ಗಳ ರೂಮು, ವಿದ್ಯಾರ್ಥಿ ಸಂಘದ ಆಫೀಸು, ಆಮೇಲೆ ಮುಂದಿನ ಕ್ಲಾಸ್ ತನಕ ಬಿದ್ಕೊಂಡಿರೋಕೆ ಸೋಫಾ, ಎಲ್ಲಾ ಒಂದೇ ಸೂರಿನಡಿ. ಕೆಲವು ಕಡೆ ಇದನ್ನೇ ಸ್ಟೂಡೆಂಟ್ ಯೂನಿಯನ್ ಅಂತಾರೆ, ಹಂಗಂದ್ರೆ ನಮಗೆ ಧರಣಿ ಘೋಷಣೆ ನೆನಪಾಗುತ್ತೆ, ಅಲ್ಲಿ ಕಟ್ಟಡಕ್ಕೂ ಅದೇ ಹೆಸರು. ಐಡಿಯಾ ಹಳೇದೇ, ಪೆನ್ಸಿಲ್ವೇನಿಯಾ ಯೂನಿವರ್ಸಿಟಿಯ ಹೂಸ್ಟನ್ ಹಾಲ್ 1896ರದ್ದು.

ಆದ್ರೆ ಒಳಗೆ ಏನೇನಿದೆ ಅನ್ನೋದಕ್ಕಿಂತ ಜನ ಅಲ್ಲಿಗೆ ಯಾಕೆ ಬರ್ತಾರೆ ಅನ್ನೋದೇ ಮುಖ್ಯ ಅನ್ಸುತ್ತೆ ನಂಗೆ. ಶಿಕಾಗೋದ ಇಲಿನಾಯ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ನೋಡಿ, ಹೆಸರಾಂತ ಆರ್ಕಿಟೆಕ್ಟ್ ಮೀಸ್ ವಾನ್ ಡೆರ್ ರೋಹ ಪ್ಲಾನ್ ಮಾಡಿದ ಕ್ಯಾಂಪಸ್, ಸ್ಟೀಲು ಗಾಜು, ಎಲ್ಲಾ ಗೆರೆ ಎಳೆದಂಗೆ ನೇರ. ಮಧ್ಯದಲ್ಲಿ ಮೇಲ್ಗಡೆ ಲೋಕಲ್ ಟ್ರೇನು ಹೋಗುತ್ತೆ, ಒಂದ್ಕಡೆ ಹಾಸ್ಟೆಲ್ಲು, ಇನ್ನೊಂದ್ಕಡೆ ಕ್ಲಾಸು, ಹಳಿ ಕೆಳಗಿನ ಜಾಗ ಯಾರಿಗೂ ಬೇಡದ್ದು. ಡಚ್ ಆರ್ಕಿಟೆಕ್ಟ್ ರೆಮ್ ಕೂಲ್‌ಹಾಸ್ ಅಲ್ಲೇ ಸ್ಟೂಡೆಂಟ್ ಸೆಂಟರ್ ಕಟ್ಟಿದ್ರು, 2003ರಲ್ಲಿ ಓಪನ್ ಆಯ್ತು. ಹುಡುಗ್ರು ಆ ಜಾಗದಲ್ಲಿ ಅಡ್ಡಡ್ಡ ನಡ್ಕೊಂಡು ಹೋಗೋ ದಾರಿಗಳನ್ನ ಗುರುತು ಹಾಕ್ಕೊಂಡು ಅವನ್ನೇ ಕಾರಿಡಾರ್ ಮಾಡಿ, ನಡುವೆ ಉಳಿದ ತ್ರಿಕೋನ ಚೌಕಗಳಲ್ಲಿ ಕ್ಯಾಂಟೀನು ಅಂಗಡಿ ಎಲ್ಲಾ ತುಂಬಿದ್ರು. ಅಂದ್ರೆ ಕ್ಲಾಸಿಗೆ ಹೊರಟವನು ಬೇಕೋ ಬೇಡ್ವೋ ಇದರೊಳಗಿಂದಾನೇ ಹಾದು ಹೋಗ್ತಾನೆ!

ಟ್ರೇನ್ ಸದ್ದಿಗೆ ಏನ್ ಮಾಡಿದ್ರು ಅಂದ್ರೆ, ಹಳಿ ಸುತ್ತ 530 ಅಡಿ ಉದ್ದದ ಸ್ಟೀಲ್ ಕೊಳವೆ ಹಾಕ್ಬಿಟ್ರು, ಅದರ ಕಂಬಗಳೇ ಬೇರೆ, ಅದುರಿದ್ರೂ ಬಿಲ್ಡಿಂಗಿಗೆ ಅಷ್ಟಾಗಿ ತಟ್ಟಲ್ಲ. ಪಕ್ಕದಲ್ಲಿದ್ದ ಮೀಸ್ ಕಟ್ಟಡಕ್ಕೆ ಈ ಸೆಂಟರನ್ನ ಅಂಟಿಸಿದ್ದಕ್ಕೆ ಮೀಸ್ ಅಭಿಮಾನಿಗಳು ಸಿಟ್ಟಾದ್ರು, ಕೂಲ್‌ಹಾಸ್ ಕಡೆಯವರು ನೋಡಿದ್ರೆ ಎಂಟ್ರೆನ್ಸ್ ಗಾಜಿನ ಮೇಲೆ ಮೀಸ್ ಮುಖಾನೇ ದೊಡ್ಡದಾಗಿ ಹಾಕಿದ್ದಾರೆ, ಗೌರವಾನೋ ತಮಾಷೆನೋ ನೋಡೋರಿಗೆ ಬಿಟ್ಟಿದ್ದು.

ನಮ್ಮ ಐಐಟಿಗಳಲ್ಲಿ ಇದಕ್ಕೆ ಹತ್ರದ್ದು ಅಂದ್ರೆ ಸ್ಯಾಕ್, ಸ್ಟೂಡೆಂಟ್ ಆಕ್ಟಿವಿಟಿ ಸೆಂಟರ್. ಆಟ, ಡ್ಯಾನ್ಸ್ ಪ್ರಾಕ್ಟೀಸ್, ಫೆಸ್ಟ್ ತಯಾರಿ ಇದ್ರೆ ಅಲ್ಲಿಗೆ ಹೋಗ್ತಾರೆ, ಕೆಲಸ ಇಲ್ಲದೆ ಸುಮ್ನೆ ಕೂರೋಕೆ ಹಾಸ್ಟೆಲ್ ಮೆಟ್ಟಿಲು, ಚಹಾ ಅಂಗಡಿನೇ ಗತಿ.