ತುಟಿಯ ಗುಳ್ಳೆಯಿಂದ ಮಿದುಳಿನವರೆಗೆ: ರೂತ್ ಇಟ್ಜಾಕಿ ಬೆನ್ನುಹತ್ತಿದ ವೈರಸ್

ಜ್ವರ ಬಂದಾಗ ತುಟಿಯಂಚಿನಲ್ಲಿ ಏಳುವ ಗುಳ್ಳೆಗಳಿಗೆ ಕಾರಣ ಹರ್ಪಿಸ್ ಸಿಂಪ್ಲೆಕ್ಸ್–1 ವೈರಸ್. ಗುಳ್ಳೆ ಒಣಗಿದರೂ ವೈರಸ್ ಹೋಗುವುದಿಲ್ಲ. ಮುಖದ ಸ್ಪರ್ಶಜ್ಞಾನ ಹೊರುವ ಟ್ರೈಜೆಮಿನಲ್ ನರದ ಗಂಟಿನಲ್ಲಿ ಬದುಕಿರುವಷ್ಟು ಕಾಲ ಅಡಗಿ ಕೂರುತ್ತದೆ. ಅಪರೂಪಕ್ಕೊಮ್ಮೆ ಅದು ಮಿದುಳಿಗೆ ನುಗ್ಗಿ ಉರಿಯೂತ ತಂದಾಗ ಹೆಚ್ಚು ಹಾಳಾಗುವುದು ನೆನಪನ್ನು ನಿಭಾಯಿಸುವ ಟೆಂಪೊರಲ್ ಮತ್ತು ಲಿಂಬಿಕ್ ಭಾಗಗಳು. ಮರೆವಿನ ಕಾಯಿಲೆಯಾದ ಅಲ್ಜೈಮರ್ಸ್ ಮೊದಲು ತಟ್ಟುವುದೂ ಅಲ್ಲಿಗೇ. ಈ ಹೋಲಿಕೆಯನ್ನು 1982ರಲ್ಲಿ ಮಿದುಳಿನ ಕಾಯಿಲೆಗಳ ಸಂಶೋಧಕ ಮೆಲ್ವಿನ್ ಬಾಲ್ ಎತ್ತಿ ತೋರಿಸಿದ್ದರು. ಆದರೆ ಆಗಿನ ವಿಧಾನಗಳ ಕಣ್ಣಿಗೆ ಬೀಳುವಷ್ಟು ವೈರಸ್ ಮಿದುಳಿನಲ್ಲಿ ಇರಲಿಲ್ಲ.

ಮ್ಯಾಂಚೆಸ್ಟರ್‌ನ ಸಂಶೋಧಕಿ ರೂತ್ ಇಟ್ಜಾಕಿ ಈ ಹುಡುಕಾಟಕ್ಕೆ, ಡಿಎನ್‌ಎಯ ತುಣುಕನ್ನು ಮತ್ತೆ ಮತ್ತೆ ನಕಲು ಮಾಡಿ ಹೆಚ್ಚಿಸುವ ಪಿಸಿಆರ್ ವಿಧಾನವನ್ನು ತಂದರು. 30 ಸುತ್ತು ದ್ವಿಗುಣವಾದರೆ ಡಿಎನ್‌ಎಯ ಒಂದು ತುಣುಕು ಲೆಕ್ಕದಲ್ಲಿ 100 ಕೋಟಿ ದಾಟುತ್ತದೆ. ಈ ಸೂಕ್ಷ್ಮತೆಯೇ ಅದರ ಅಪಾಯ ಕೂಡ. ಹಿಂದಿನ ಪ್ರಯೋಗದ ಒಂದು ಕಣ ಗಾಳಿಯಲ್ಲಿ ಹಾರಿ ಟ್ಯೂಬಿಗೆ ಬಿದ್ದರೆ ವೈರಸ್ಸೇ ಇಲ್ಲದ ಮಿದುಳೂ ‘ಪಾಸಿಟಿವ್’ ಆಗುತ್ತದೆ. ಹಾಗಾಗಿ ಮಾದರಿ ತಯಾರಿಸುವ ಕೋಣೆ ಬೇರೆ, ಫಲಿತಾಂಶ ನೋಡುವ ಕೋಣೆ ಬೇರೆ ಇರಬೇಕು. ಪ್ರತಿ ಸಲವೂ ಮಾದರಿಯ ಬದಲು ಬರೀ ನೀರು ಹಾಕಿದ ಟ್ಯೂಬುಗಳನ್ನು ಜೊತೆಗೆ ಓಡಿಸಬೇಕು. ವೈರಸ್ ಸಿಗದ ಮಾದರಿಯಲ್ಲಿ ಮನುಷ್ಯನದೇ ಒಂದು ವಂಶವಾಹಿಯನ್ನು ಹುಡುಕಿ ನೋಡಬೇಕು; ಅದೂ ಸಿಗದಿದ್ದರೆ ಕೆಟ್ಟಿರುವುದು ಡಿಎನ್‌ಎ, ಆ ‘ನೆಗೆಟಿವ್’ಗೆ ಬೆಲೆಯಿಲ್ಲ.

1991ರಲ್ಲಿ ಇಟ್ಜಾಕಿ ತಂಡ ಪ್ರಕಟಿಸಿದ ಫಲಿತಾಂಶ ಸಂಭ್ರಮ ಪಡುವಂಥದ್ದಾಗಿರಲಿಲ್ಲ. ವೈರಸ್ಸಿನ ಥೈಮಿಡಿನ್ ಕೈನೇಸ್ ಎಂಬ ಕಿಣ್ವದ ವಂಶವಾಹಿ ಅಲ್ಜೈಮರ್ಸ್ ರೋಗಿಗಳ ಮಿದುಳಿನಲ್ಲಿ ಸಿಕ್ಕಿತು, ಕಾಯಿಲೆಯಿಲ್ಲದ ವೃದ್ಧರಲ್ಲೂ ಸಿಕ್ಕಿತು. ಹಾಗಿದ್ದರೆ ವೈರಸ್ಸನ್ನು ದೂರುವುದು ಹೇಗೆ? 1997ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಅವರು ಕೊಟ್ಟ ಉತ್ತರ ಇದು: ವೈರಸ್ ಒಂದೇ ಸಾಲದು, ಮನುಷ್ಯನ ಅಪೊಇ ಎಂಬ ವಂಶವಾಹಿಯ 4ನೇ ಬಗೆಯೂ ಜೊತೆಗಿದ್ದರೆ ಅಪಾಯ ಏರುತ್ತದೆ. ತುಟಿಗುಳ್ಳೆ ಏಳುವವರಲ್ಲೂ ಅದೇ 4ನೇ ಬಗೆ ಹೆಚ್ಚಾಗಿ ಕಂಡಿತು. ಇಟ್ಜಾಕಿ ಅವರ ಕೆಲಸದಲ್ಲಿ ಇದೇ ನಿಜವಾದ ತಿರುವು ಎಂದು ನಮ್ಮ ಅಭಿಪ್ರಾಯ. ಸೋಂಕು ತಗುಲಿದವರಿಗೆಲ್ಲ ಮರೆವು ಬರುವುದಿಲ್ಲವಲ್ಲ ಎಂಬ ಆಕ್ಷೇಪ ಅಲ್ಲಿಗೆ ಸೊರಗಿತು.

2007ರಲ್ಲಿ, ಸೋಂಕು ತಗುಲಿಸಿದ ಕೋಶಗಳಲ್ಲಿ, ಅಲ್ಜೈಮರ್ಸ್ ಮಿದುಳಿನಲ್ಲಿ ಶೇಖರವಾಗುವ ಅಮೈಲಾಯ್ಡ್ ಎಂಬ ಪ್ರೋಟೀನ್ ಹೆಚ್ಚುವುದನ್ನು ತಂಡ ತೋರಿಸಿತು. 2009ರಲ್ಲಿ, ಅಲ್ಜೈಮರ್ಸ್ ಮಿದುಳಿನಲ್ಲಿ ವೈರಸ್ ಡಿಎನ್‌ಎಯ ಶೇ 72ರಷ್ಟು ಅಮೈಲಾಯ್ಡ್ ಗಡ್ಡೆಗಟ್ಟಿದ ಪ್ಲೇಕ್‌ಗಳಿಗೇ ಅಂಟಿಕೊಂಡಿದೆ, ಕಾಯಿಲೆಯಿಲ್ಲದ ವೃದ್ಧರಲ್ಲಿ ಅದು ಶೇ 24 ಮಾತ್ರ ಎಂದಿತು. ಇದನ್ನು ಎರಡು ರೀತಿ ಓದಬಹುದು. ವೈರಸ್ ಪ್ಲೇಕ್ ಕಟ್ಟಿಸಿರಬಹುದು. ವೈರಸ್ಸನ್ನು ಹಿಡಿಯಲೆಂದೇ ಅಮೈಲಾಯ್ಡ್ ಬಂದಿರಲೂಬಹುದು. ಈ ಎರಡನೆಯ ದಾರಿಯಲ್ಲಿ ದುಡಿದವರು ಹಾರ್ವರ್ಡ್‌ನ ರಾಬರ್ಟ್ ಮೊಯಿರ್. ಅಮೈಲಾಯ್ಡ್‌ಗೆ ಸೂಕ್ಷ್ಮಾಣುಗಳನ್ನು ಕೊಲ್ಲುವ ಶಕ್ತಿಯಿದೆ ಎಂದು ಅವರ ತಂಡ 2010ರಲ್ಲಿ ವರದಿ ಮಾಡಿತು.

ಔಷಧದ ವಿಷಯದಲ್ಲಿ ಎಡವಟ್ಟಾಗುವುದು ಇಲ್ಲಿ. ಹರ್ಪಿಸ್‌ಗೆ ಕೊಡುವ ಅಸೈಕ್ಲೋವಿರ್ ಕೆಲಸ ಆರಂಭಿಸಲು ವೈರಸ್ಸಿನದೇ ಥೈಮಿಡಿನ್ ಕೈನೇಸ್ ಬೇಕು. ನಿದ್ರಿಸುವ ವೈರಸ್ ಆ ಕಿಣ್ವವನ್ನು ತಯಾರಿಸುವುದಿಲ್ಲ, ಹಾಗಾಗಿ ಮಾತ್ರೆ ಅದನ್ನು ಮುಟ್ಟುವುದಿಲ್ಲ. ಎದ್ದು ನಕಲಾಗತೊಡಗಿದಾಗ ತಡೆಯುತ್ತದೆ, ಅಷ್ಟೇ. ಆಗಲೇ ಆದ ಹಾನಿ ಹಾಗೇ ಉಳಿಯುತ್ತದೆ. ಅಮೆರಿಕದಲ್ಲಿ ಅಲ್ಜೈಮರ್ಸ್‌ನ ಆರಂಭದ ಹಂತದ 120 ಜನರಿಗೆ 78 ವಾರ ವಾಲಾಸೈಕ್ಲೋವಿರ್ (ದೇಹದೊಳಗೆ ಅಸೈಕ್ಲೋವಿರ್ ಆಗುವ ಮಾತ್ರೆ) ಅಥವಾ ಪ್ಲಾಸೆಬೊ (ಔಷಧವಿಲ್ಲದ ಹುಸಿ ಮಾತ್ರೆ) ಕೊಟ್ಟರು. ಔಷಧದ ಪ್ರಮಾಣ ದಿನಕ್ಕೆ 4 ಗ್ರಾಂ. 2025ರಲ್ಲಿ ಫಲಿತಾಂಶ ಹೊರಬಿತ್ತು: ಔಷಧ ತೆಗೆದುಕೊಂಡವರ ಮರೆವು ನಿಧಾನವಾಗಲಿಲ್ಲ. ಇದು ದೊಡ್ಡ ಹಿನ್ನಡೆ, ಹಾಗೆಂದು ಒಪ್ಪಿಕೊಳ್ಳಲೇಬೇಕು. ಆದರೆ ಈ ಪ್ರಯೋಗ ಪರೀಕ್ಷಿಸಿದ್ದು ಕಾಯಿಲೆ ಬಂದ ಮೇಲಿನ ಚಿಕಿತ್ಸೆಯನ್ನು. ಕಾಯಿಲೆ ಬಾರದಂತೆ ತಡೆಯಬಹುದೇ ಎಂಬ ಪ್ರಶ್ನೆಯನ್ನು ಅದು ಕೇಳಿಯೇ ಇಲ್ಲ.

ಆ ಪ್ರಶ್ನೆಗೆ ಬೆಳಕು ಬಿದ್ದದ್ದು ಇನ್ನೊಂದು ವೈರಸ್ಸಿನ ಕಡೆಯಿಂದ. ವೇಲ್ಸ್‌ನಲ್ಲಿ 1933ರ ಸೆಪ್ಟೆಂಬರ್ 2ರಂದು ಅಥವಾ ಆಮೇಲೆ ಹುಟ್ಟಿದವರು ಸರ್ಪಸುತ್ತಿನ ಲಸಿಕೆಗೆ ಅರ್ಹರಾದರು; ಒಂದು ವಾರ ಮೊದಲು ಹುಟ್ಟಿದವರಿಗೆ ಅದು ಸಿಗಲಿಲ್ಲ. ಜನ್ಮದಿನ ಬಿಟ್ಟರೆ ಎರಡೂ ಗುಂಪುಗಳು ಹೆಚ್ಚುಕಡಿಮೆ ಒಂದೇ. 7 ವರ್ಷಗಳಲ್ಲಿ, ಲಸಿಕೆ ಪಡೆದವರಲ್ಲಿ ಡಿಮೆನ್ಷಿಯಾ (ಅಲ್ಜೈಮರ್ಸ್ ಸೇರಿದಂತೆ ಮರೆವಿನ ಕಾಯಿಲೆಗಳು) ಶೇ 20ರಷ್ಟು ಕಡಿಮೆಯಾಗಿತ್ತು ಎಂದು 2025ರಲ್ಲಿ ‘ನೇಚರ್’ ಪ್ರಕಟಿಸಿತು. ಸರ್ಪಸುತ್ತಿನ ವೈರಸ್‌ಗೂ ಹರ್ಪಿಸ್ ಸಿಂಪ್ಲೆಕ್ಸ್‌ಗೂ ಏನು ನಂಟು? 2022ರಲ್ಲೇ ಟಫ್ಟ್ಸ್ ವಿಶ್ವವಿದ್ಯಾಲಯದವರ ಜೊತೆ ಸೇರಿ ಇಟ್ಜಾಕಿ ಒಂದು ಸುಳಿವು ಕೊಟ್ಟಿದ್ದರು. ಪ್ರಯೋಗಾಲಯದಲ್ಲಿ ಬೆಳೆಸಿದ ಮಿದುಳಿನ ಅಂಗಾಂಶದಲ್ಲಿ ಸರ್ಪಸುತ್ತಿನ ವೈರಸ್ ತಾನೇ ಅಮೈಲಾಯ್ಡ್ ಕಟ್ಟಿಸಲಿಲ್ಲ. ಅಲ್ಲಿ ಮಲಗಿದ್ದ ಹರ್ಪಿಸ್ ಸಿಂಪ್ಲೆಕ್ಸ್ ಅನ್ನು ಎಬ್ಬಿಸಿತು. ಆ ಎದ್ದ ವೈರಸ್ಸಿಗೇ ನೇರವಾಗಿ ಲಸಿಕೆ ಹಾಕೋಣವೆಂದರೆ, ಹರ್ಪಿಸ್ ಸಿಂಪ್ಲೆಕ್ಸ್‌ಗೆ ಪರವಾನಗಿ ಪಡೆದ ಲಸಿಕೆ ಇನ್ನೂ ಬಂದಿಲ್ಲ.