ಮಳೆಗಾಲಕ್ಕೆ ಬಟನ್ ಟಯರ್ ಹಾಕಿಸಬಹುದೇ?

ಪ್ರಶ್ನೆ: ನಮ್ಮ ಮನೆ ಶಿರಸಿ ತಾಲೂಕಿನ ಹಳ್ಳಿಯಲ್ಲಿ. ಡಾಂಬರು ರಸ್ತೆ ಮುಟ್ಟಲು ಎರಡು ಕಿಲೋಮೀಟರ್ ಮಣ್ಣು ದಾರಿ, ಮಳೆ ಹಿಡಿದರೆ ಪೂರ್ತಿ ರಾಡಿ. ಕೆಲಸದ ಮೇಲೆ ಆಗಾಗ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗಬೇಕು. ಬೈಕು ಎಕ್ಸ್‌ಪಲ್ಸ್ 200, ಎರಡೂ ಟಯರ್ ಸವೆದಿವೆ. ಮೈಮೇಲೆ ಎತ್ತರದ ರಬ್ಬರ್ ಗಟ್ಟಿಗಳಿರುವ ಬಟನ್ ಟಯರ್ ಹಾಕಿಸಲೇ?

ಉತ್ತರ: ಬೇಡ. ನಿಮ್ಮ ಓಡಾಟಕ್ಕೆ ಅಂಗಡಿಯವರು 50-50 ಎನ್ನುವ, ಮಣ್ಣಿಗೂ ಡಾಂಬರಿಗೂ ಆಗುವ ಟಯರೇ ಸರಿ.

ಮನೆ ದಾರಿಯ ರಾಡಿಯಲ್ಲಿ ನೀವು ಹದಿನೈದು, ಹೆಚ್ಚೆಂದರೆ ಇಪ್ಪತ್ತರ ವೇಗದಲ್ಲಿರುತ್ತೀರಿ. ಅಲ್ಲಿ ಬಿದ್ದರೆ ಬಟ್ಟೆ ಕೆಸರಾದೀತು, ಲಿವರ್ ಬಗ್ಗೀತು. ಘಟ್ಟದ ಇಳಿಜಾರಿನಲ್ಲಿ, ಎದುರಿಗೆ ಲಾರಿ ಬರುವ ತಿರುವಿನಲ್ಲಿ ಮುಂದಿನ ಚಕ್ರ ಜಾರಿದರೆ ಕಥೆಯೇ ಬೇರೆ. ಬಟನ್ ಟಯರ್‌ನಲ್ಲಿ ರಬ್ಬರ್ ಗಟ್ಟಿಗಳ ನಡುವೆ ದೊಡ್ಡ ದೊಡ್ಡ ಸಂದು. ಹಾಗಾಗಿ ಡಾಂಬರಿಗೆ ತಾಗುವ ರಬ್ಬರೇ ಕಡಿಮೆ. ಬ್ರೇಕ್ ಹಿಡಿದಾಗ, ಬೈಕು ವಾಲಿಸಿದಾಗ ಆ ಎತ್ತರದ ಗಟ್ಟಿಗಳು ಬಾಗುತ್ತವೆ, ಹಿಡಿತ ಅಲುಗುತ್ತದೆ. ಒದ್ದೆ ರಸ್ತೆಯಲ್ಲಿ ಇದು ಇನ್ನೂ ಜಾಸ್ತಿ.

ಹಾಗೆಂದು ರಸ್ತೆ ಟಯರ್ ಹಾಕಿದರೆ ನಮ್ಮ ಕೆಂಪು ಮಣ್ಣು ಬಿಡುವುದಿಲ್ಲ. ಜಿಗುಟು ಮಣ್ಣು ಅದರ ಸಣ್ಣ ಸಂದುಗಳಲ್ಲಿ ತುಂಬಿಕೊಂಡು ಅಲ್ಲೇ ಕೂರುತ್ತದೆ. ನಾಲ್ಕು ಸುತ್ತು ತಿರುಗುವಷ್ಟರಲ್ಲಿ ಟಯರ್ ಬೋಳಾದಂತೆ ಆಗಿ, ಏರಿನಲ್ಲಿ ಚಕ್ರ ನಿಂತಲ್ಲೇ ತಿರುಗುತ್ತದೆ. ಸಂದು ಅಗಲವಿದ್ದರೆ ತಿರುಗುವ ಚಕ್ರ ಮಣ್ಣನ್ನು ತಾನೇ ಕೊಡವಿಕೊಳ್ಳುತ್ತದೆ. ಬಟನ್ ಟಯರ್‌ನ ಗುಟ್ಟು ಇಷ್ಟೇ.

ಆದ್ದರಿಂದ ಅಂಗಡಿಯಲ್ಲಿ ಟಯರ್ ಕೈಗೆ ತೆಗೆದುಕೊಂಡು ನೋಡಿ. ನಡುಭಾಗದಲ್ಲಿ ಗಟ್ಟಿಗಳು ಒತ್ತೊತ್ತಾಗಿರಬೇಕು, ಅಂಚಿಗೆ ಹೋದಂತೆ ಸಂದು ಅಗಲವಾಗಬೇಕು. ಮನೆ ಏರು ಅದಕ್ಕೂ ಬಗ್ಗದಿದ್ದರೆ ಹಿಂದಕ್ಕೆ ಮಾತ್ರ ಸ್ವಲ್ಪ ಬಿಡುವಾದ ಗಟ್ಟಿಯದನ್ನು ಹಾಕಿಸಿ. ಹಿಂದಿನ ಚಕ್ರ ಜಾರಿದರೆ ಸಂಭಾಳಿಸಲು ಕ್ಷಣ ಸಿಗುತ್ತದೆ, ಮುಂದಿನದು ಜಾರಿದರೆ ಸಿಗುವುದಿಲ್ಲ. ಮುಂದಿನ ಟಯರ್‌ನಲ್ಲಿ ಹಣ ಉಳಿಸಬೇಡಿ ಎಂದು ಕೈಮುಗಿದು ಹೇಳುತ್ತೇನೆ.

ತೋಟದ ದಾರಿಯ ಸಿಮೆಂಟಿನ ಮೇಲೆ ಕಟ್ಟುವ ಹಾವಸೆಗೆ ಮಾತ್ರ ಯಾವ ಟಯರೂ ಮದ್ದಲ್ಲ. ಅಲ್ಲಿ ಬ್ರೇಕ್ ಮುಟ್ಟದೆ, ಬೈಕು ವಾಲಿಸದೆ ನಿಧಾನ ದಾಟಬೇಕು.

ಅಳತೆಯ ಬಗ್ಗೆ ಒಂದು ಮಾತು. ನಿಮ್ಮ ಬೈಕಿಗೆ ಮುಂದೆ 90/90-21, ಹಿಂದೆ 120/80-18. ಅಂದರೆ ಹಿಂದಿನದರ ಅಗಲ 120 ಮಿಲಿಮೀಟರ್, ಎತ್ತರ ಅದರ ಶೇ. 80, ರಿಮ್ 18 ಇಂಚು. ಹಳೆಯ ಹಿಮಾಲಯನ್ 411 ಬೈಕಿನ ಹಿಂದಿನ ಟಯರ್ 120/90-17. ಗೆಳೆಯರು ಅಗ್ಗಕ್ಕೆ ಕೊಡುತ್ತೇನೆಂದರೂ ಅದು ನಿಮ್ಮ ರಿಮ್ಮಿಗೆ ಕೂರುವುದಿಲ್ಲ. ಅಗಲ ಹೆಚ್ಚಿಸುವ ಆಸೆಯೂ ಬೇಡ, ಕೆಸರಿನಲ್ಲಿ ಅದರಿಂದ ಲಾಭವಿಲ್ಲ.

ನಿಮ್ಮದು ಟ್ಯೂಬ್ ಇರುವ ಚಕ್ರ. ಕೆಸರಿಗೆಂದು ಗಾಳಿ ಇಳಿಸುವವರಿದ್ದಾರೆ, ಸ್ವಲ್ಪ ಇಳಿಸಿದರೆ ಹಿಡಿತ ಹೆಚ್ಚುವುದೂ ನಿಜ. ಅತಿಯಾದರೆ ಕಲ್ಲಿಗೆ ಬಡಿದಾಗ ಟ್ಯೂಬ್ ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಎರಡು ಕಡೆ ತೂತಾಗುತ್ತದೆ. ಎರಡು ಕಿಲೋಮೀಟರಿಗಾಗಿ ಈ ಉಸಾಬರಿ ಬೇಡ. ಕಂಪನಿ ಹೇಳಿದಷ್ಟೇ ಗಾಳಿ ಇರಲಿ. ಟಯರ್ ಬದಲಿಸುವಾಗ ಟ್ಯೂಬೂ ಹೊಸದಾಗಲಿ.

ಕೊಳ್ಳುವಾಗ ಟಯರ್‌ನ ಬದಿಯಲ್ಲಿರುವ ನಾಲ್ಕಂಕಿ ಓದಿ. 2324 ಎಂದಿದ್ದರೆ 2024ರ 23ನೇ ವಾರದಲ್ಲಿ ತಯಾರಾದದ್ದು. ವರ್ಷಗಟ್ಟಲೆ ಅಂಗಡಿಯಲ್ಲಿ ಕೂತ ಟಯರ್‌ನ ರಬ್ಬರ್ ಗಡುಸಾಗಿ ಒದ್ದೆಯಲ್ಲಿ ಹಿಡಿತ ಕಳೆದುಕೊಳ್ಳುತ್ತದೆ. ರಿಯಾಯಿತಿ ಎಷ್ಟೇ ಇರಲಿ, ಬಿಟ್ಟುಬಿಡಿ. ಬದಿಯ ಬಾಣದ ಗುರುತಿನಂತೆಯೇ ಕೂರಿಸಿದ್ದಾರೆಯೇ ಎಂದು ಅಂಗಡಿಯಲ್ಲೇ ನಿಂತು ನೋಡಿ.

ಹಾಕಿಸುವುದನ್ನು ಮೇ ತಿಂಗಳಲ್ಲೇ ಮುಗಿಸಿಕೊಳ್ಳಿ. ಹೊಸ ಟಯರ್‌ನ ಮೈ ನುಣುಪು. ಮೊದಲ ನೂರೈವತ್ತು ಕಿಲೋಮೀಟರನ್ನು ಒಣ ರಸ್ತೆಯಲ್ಲಿ ಮೆಲ್ಲಗೆ ಓಡಿಸಿ, ಆಮೇಲೆ ಘಟ್ಟಕ್ಕಿಳಿಯಿರಿ.